ಹೊಸ ಹಾಕಿ ಸ್ಕೇಟ್: 20 ನಿಮಿಷಕ್ಕೇ ಕಾಲು ಜೋಮು, ಒಂದು ಸೈಜ್ ದೊಡ್ಡದು ತಗೋಬೇಕಿತ್ತಾ?

ಬಾಡಿಗೆಕಾಲು
ಐಸ್ ಹಾಕಿ ಕಲಿಯೋಕೆ ಶುರು ಮಾಡಿ ಎಂಟು ತಿಂಗಳಾಯಿತು. ಇಷ್ಟು ದಿನ ರಿಂಕ್‌ನಲ್ಲಿ ಕೊಡುವ ಬಾಡಿಗೆ ಸ್ಕೇಟ್‌ನಲ್ಲೇ ಆಡಿದೆ. ಈಗ ಮೊದಲ ಸಲ ಸ್ವಂತದ್ದು ತಗೊಂಡೆ, ಬಾವರ್ ಕಂಪನಿಯ ವೇಪರ್ ಮಾಡೆಲ್, ಫಿಟ್ 1. ದಿನಾ ಹಾಕುವ ಶೂ 9, ಇದು 7.5. ಒಂದೂವರೆ ಸೈಜ್ ಚಿಕ್ಕದು ಅಂದಾಗಲೇ ನನಗೆ ಅನುಮಾನ ಬಂದಿತ್ತು, ಆದರೆ ಹಾಕಿ ಸ್ಕೇಟ್ ಹೀಗೇ ಇರುತ್ತದೆ ಅಂದರು ಅಂಗಡಿಯವರು.

ಎರಡು ಸಲ ಐಸ್ ಮೇಲೆ ಹೋಗಿ ಬಂದೆ. ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದೆ ತಾಗುತ್ತದೆ. ಅಂಗಾಲಿನ ನಡುವೆ ಹಿಡ್ಕೊಂಡ ಹಾಗೆ ನೋವು. 20 ನಿಮಿಷ ಆದ ಮೇಲೆ ಬೆರಳುಗಳು ಜೋಮು ಹಿಡಿದು ಬೇರೆ ಯಾರದೋ ಕಾಲು ಅನ್ನಿಸುತ್ತದೆ. ಬಿಚ್ಚಿ ನೋಡಿದರೆ ಪಾದದ ಮೇಲ್ಗಡೆ ಅಡ್ಡಡ್ಡ ಕೆಂಪು ಗೆರೆ, ಅರ್ಧ ಗಂಟೆಯಾದರೂ ಹೋಗಲ್ಲ. ಓವನ್‌ನಲ್ಲಿ ಬಿಸಿ ಮಾಡಿ ಕಾಲಿಗೆ ಹೊಂದಿಸಿ ಕೊಡ್ತೀವಿ ಅಂದಿದ್ದರು, ಹೊಸಾ ಸ್ಕೇಟ್ ಹಾಳಾದರೆ ಅಂತ ಹೆದರಿ ಬೇಡ ಅಂದೆ.

ಸುಮ್ನೆ ಕಾಯಬೇಕಾ, ಸೈಜ್ ಬದಲಾಯಿಸಬೇಕಾ?

ಹಳೇಬ್ಲೇಡ್
ದೊಡ್ಡ ಸೈಜ್ ಮಾತ್ರ ಬೇಡ. ನಾನು ಆ ತಪ್ಪು ಮಾಡಿ ಇಡೀ ಒಂದು ಸೀಸನ್ ಕಳೆದುಕೊಂಡಿದ್ದೇನೆ.

ನನ್ನದೂ ಹೀಗೇ, ಬೆರಳು ತಾಗುತ್ತೆ ಅಂತ ಒಂದು ಸೈಜ್ ಮೇಲೆ ಹೋದೆ. ಮೊದಲ ದಿನ ಸ್ವರ್ಗ. ಎರಡನೇ ವಾರದಿಂದ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡೋಕೆ ಶುರುವಾಯಿತು, ತಿರುಗುವಾಗ ಮೊದಲು ಕಾಲು ತಿರುಗಿ ಆಮೇಲೆ ನಿಧಾನಕ್ಕೆ ಸ್ಕೇಟ್ ತಿರುಗೋದು. ಅದನ್ನು ಹಿಡಿದಿಡೋಕೆ ಲೇಸ್ ಎಳೆದೂ ಎಳೆದೂ ಕಟ್ಟಿದೆ, ಕಣಕಾಲಿನ ಮುಂದೆ ಲೇಸ್ ಒತ್ತುವ ಕಡೆ ನರ ಊದಿಕೊಂಡಿತು. ಆರು ವಾರ ಮೆಟ್ಟಿಲು ಇಳಿಯುವಾಗೆಲ್ಲ ನೆನಪಾಗ್ತಿತ್ತು.

ಬೆರಳು ತಾಗೋದು ತಪ್ಪಲ್ಲ. ನೆಟ್ಟಗೆ ನಿಂತಾಗ ತುದಿ ಹಗುರವಾಗಿ ತಾಗಬೇಕು. ಮಂಡಿ ಬಗ್ಗಿಸಿ ಆಡುವ ಹಾಗೆ ಕೂತಾಗ ಹಿಮ್ಮಡಿ ಹಿಂದಕ್ಕೆ ಸರಿದು ಬೆರಳು ಬಿಟ್ಟುಕೊಳ್ಳಬೇಕು. ಬಗ್ಗಿದಾಗಲೂ ಬೆರಳು ಮಡಚಿಕೊಂಡೇ ಇದ್ದರೆ ಆಗ ಚಿಕ್ಕದು. ನಿಮ್ಮದು ಯಾವುದು ಹೇಳಿ. ಇನ್ನೊಂದು, ಕಾಲು ಹಾಕಿದ ಕೂಡಲೇ ಲೇಸ್‌ಗೆ ಕೈ ಹಾಕಬೇಡಿ. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಹಿಂದಿನ ಗುಳಿಯಲ್ಲಿ ಕೂರಲಿ, ಆಮೇಲೆ ಕಟ್ಟಿ.

ನಂ17
ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ. ನಮ್ಮ ಕಾಲದಲ್ಲಿ ಬಿಸಿನೀರಿನಲ್ಲಿ ಸಾಕ್ಸ್ ನೆನೆಸಿ, ಹಾಕ್ಕೊಂಡು, ಒಂದು ಗಂಟೆ ಸ್ಕೇಟ್ ಮಾಡಿದರೆ ಮುಗೀತು. ಯಾವ ಓವನ್ನೂ ಇರಲಿಲ್ಲ, ಎಲ್ಲರ ಕಾಲೂ ಈಗಲೂ ಇದೆ.

ಸಾಣೆಕಲ್ಲು
ನಂ17, ನಿಮ್ಮ ಕಾಲದ ಸ್ಕೇಟ್ ಚರ್ಮದ್ದು. ನೆನೆದರೆ ಹಿಗ್ಗುತ್ತಿತ್ತು. ಈಗಿನ ಬೂಟ್ ಬಿಸಿಗೆ ಮೆದುವಾಗುವ ಪ್ಲಾಸ್ಟಿಕ್, ಫೋಮು. ನೀರು ಹಾಕಿದರೆ ಒಳಗಿನ ಬಟ್ಟೆ ನಾರುತ್ತದೆ, ರಿವೆಟ್ ತುಕ್ಕು ಹಿಡಿಯುತ್ತದೆ, ಅಷ್ಟೇ.

ನಾನು ಕೆಲವು ವರ್ಷ ಸ್ಕೇಟ್‌ಗೆ ಸಾಣೆ ಹಿಡಿಯುವ ಕೆಲಸ ಮಾಡಿದ್ದೇನೆ. ಬಾಡಿಗೆಕಾಲು ಅವರೇ, ನೀವು ಹೇಳಿದ್ದರಲ್ಲಿ ನನಗೆ ಎದ್ದು ಕಂಡಿದ್ದು ಬೆರಳಲ್ಲ, ಪಾದದ ಮೇಲಿನ ಕೆಂಪು ಗೆರೆ. ಒಂದು ಪೆನ್ಸಿಲ್ ತಗೊಳ್ಳಿ. ಸ್ಕೇಟ್ ಹಾಕಿ, ಲೇಸ್ ಪೂರ್ತಿ ಸಡಿಲ ಬಿಡಿ, ಲೇಸ್ ಅಡಿಯಲ್ಲಿರುವ ಬೂಟಿನ ನಾಲಿಗೆಯನ್ನು ಮುಂದಕ್ಕೆ ಎಳೆದು ಮಡಚಿ. ಮೇಲಿನಿಂದ ಮೂರನೇ ತೂತಿನ ಹತ್ತಿರ ಪೆನ್ಸಿಲ್ ಅಡ್ಡ ಇಡಿ. ಎರಡೂ ಕಡೆ ಬೂಟಿನ ಅಂಚಿನ ಮೇಲೆ ಅದು ಸಪಾಟಾಗಿ ಕೂರಬೇಕು. ಪಾದಕ್ಕೆ ತಾಗಿ ತೂಗುಯ್ಯಾಲೆ ಆಡಿದರೆ ಬೂಟ್ ನಿಮ್ಮ ಪಾದಕ್ಕೆ ಆಳ ಸಾಲದು ಅಂತ ಅರ್ಥ. ಆಗ ನೀವು ಉದ್ದ ಬದಲಾಯಿಸಿ ಏನೂ ಪ್ರಯೋಜನವಿಲ್ಲ.

ಸಾಕ್ಸ್ ಯಾವುದು ಹಾಕ್ತೀರಿ ಅನ್ನೋದನ್ನೂ ಹೇಳಿ.

ಬಾಡಿಗೆಕಾಲು
ಈಗಷ್ಟೇ ನೋಡಿದೆ. ಮಂಡಿ ಬಗ್ಗಿಸಿದರೆ ಬೆರಳು ಬಿಡುತ್ತದೆ, ಹಿಮ್ಮಡಿ ಅಲ್ಲಾಡಲ್ಲ. ಆದರೆ ಪೆನ್ಸಿಲ್ ಎರಡೂ ಅಂಚಿಗೆ ಒಟ್ಟಿಗೆ ತಾಗ್ತಿಲ್ಲ! ಎಡಗಾಲಲ್ಲಿ ಸ್ವಲ್ಪ, ಬಲಗಾಲಲ್ಲಿ ಜಾಸ್ತಿ. ಕೆಂಪು ಗೆರೆಯೂ ಬಲಗಾಲಲ್ಲೇ ಗಾಢ.

ಸಾಕ್ಸ್ ವಿಷಯ ಹೇಳೋಕೆ ನಾಚಿಕೆ. ಅಂಗಡಿಯಲ್ಲಿ ತೆಳು ಸಾಕ್ಸ್‌ನಲ್ಲಿ ಹಾಕಿ ನೋಡಿದ್ದೆ, ಐಸ್ ಅಲ್ವಾ ಚಳಿ ಆಗುತ್ತೆ ಅಂತ ದಪ್ಪ ಉಣ್ಣೆಯದು ಹಾಕಿಕೊಂಡು ಹೋದೆ.

ಸಾಣೆಕಲ್ಲು
ಅಲ್ಲೇ ಅರ್ಧ ಉತ್ತರ ಸಿಕ್ಕಿತು. ದಪ್ಪ ಸಾಕ್ಸ್ ಹಾಕಿದರೆ ಕಾಲು ಬೆಚ್ಚಗಿರಲ್ಲ, ರಕ್ತ ಓಡೋಕೆ ಜಾಗ ಸಾಲದೆ ಇನ್ನೂ ತಣ್ಣಗಾಗುತ್ತದೆ. ಒಂದೇ ತೆಳು ಜೊತೆ ಸಾಕು.

ಉಳಿದರ್ಧ ಆಳದ್ದು. ಫಿಟ್ 1 ಅಂದರೆ ಬಾವರ್‌ನಲ್ಲಿ ಕಿರಿದಾದ, ಆಳ ಕಡಿಮೆಯ ಬೂಟ್. 2 ಮಧ್ಯಮ. 3 ಅಗಲ, ಆಳ ಜಾಸ್ತಿ. ನಿಮಗೆ ಬೇಕಿದ್ದದ್ದು ಇದೇ 7.5ರಲ್ಲಿ ಫಿಟ್ 2, ಬಹುಶಃ 3. ಬದಲಾಯಿಸಿ ಕೊಡ್ತಾರಾ ಕೇಳಿ ನೋಡಿ, ಐಸ್ ಕಂಡ ಸ್ಕೇಟ್ ವಾಪಸ್ ತಗೊಳ್ಳೋದು ಕಷ್ಟವೇ. ಆಗಲ್ಲ ಅಂದರೆ ಒಳಗಿನ ಇನ್‌ಸೋಲ್ ತೆಗೆದು ಅದಕ್ಕಿಂತ ತೆಳುವಾದದ್ದು ಹಾಕಿ. ಎರಡು ಮೂರು ಮಿಲಿಮೀಟರ್ ಕೆಳಗಿಳಿದರೂ ಪಾದದ ಮೇಲಿನ ಒತ್ತಡ ಎಷ್ಟೋ ಕಡಿಮೆ ಆಗುತ್ತದೆ. ಹಾಕಿದ ಮೇಲೆ ಹಿಮ್ಮಡಿ ಇನ್ನೂ ಗಟ್ಟಿಯಾಗಿ ಕೂರ್ತಿದೆಯಾ ಅಂತ ನೋಡಿಕೊಳ್ಳಿ, ಅದು ಸಡಿಲವಾದರೆ ಲಾಭವಿಲ್ಲ.

ಓವನ್‌ಗೆ ಹೆದರಬೇಡಿ, ಮಾಡಿಸಿ. ಸುಮಾರು 80 ಡಿಗ್ರಿಯಲ್ಲಿ ಕೆಲವೇ ನಿಮಿಷ, ಅದಕ್ಕಂತಲೇ ಇರುವ ಓವನ್‌ನಲ್ಲಿ. ಮನೆಯದರಲ್ಲಿ ಬೇಡ, ದಯವಿಟ್ಟು. ಬಿಸಿಯಾಗಿರುವಾಗ ಹಾಕಿಕೊಂಡು ಕಟ್ಟುವಾಗ ಲೇಸ್ ಅನ್ನು ಮೇಲಕ್ಕಲ್ಲ, ಪಕ್ಕಕ್ಕೆ ಎಳೀರಿ, ಮೆದುವಾದ ಬೂಟಿನಿಂದ ತೂತಿನ ಉಂಗುರ ಕಿತ್ತು ಬಂದಿದ್ದನ್ನು ನಾನೇ ನೋಡಿದ್ದೇನೆ. ಹತ್ತು ಹದಿನೈದು ನಿಮಿಷ ಕೂತೇ ಇರಿ, ಎದ್ದು ಓಡಾಡಬೇಡಿ. ಆಮೇಲೆ ಒಂದು ದಿನ ಐಸ್ ಮುಟ್ಟಬೇಡಿ. ಇದರಿಂದ ಪಕ್ಕಗಳು, ಕಣಕಾಲಿನ ಸುತ್ತ ಚೆನ್ನಾಗಿ ಕೂರುತ್ತದೆ. ಆಳ ಮಾತ್ರ ಹೆಚ್ಚಾಗಲ್ಲ, ಅದಕ್ಕೇ ಪೆನ್ಸಿಲ್ ಮೊದಲು, ಓವನ್ ಆಮೇಲೆ.

ನಡುರಾತ್ರಿ_ಆಟ
ಅಂಗಾಲಿನ ನೋವಿನ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೂಟಿನ ತಪ್ಪೇ ಆಗಬೇಕಂತಿಲ್ಲ. ಹೊಸ ಸ್ಕೇಟ್ ಹಾಕಿದಾಗ ಬೀಳ್ತೀನಿ ಅನ್ನೋ ಭಯಕ್ಕೆ ಬೆರಳಿನಲ್ಲಿ ನೆಲವನ್ನು ಹಿಡ್ಕೊಳ್ಳೋಕೆ ನೋಡ್ತೀವಿ, ಕೋಳಿ ಕೊಂಬೆ ಹಿಡಿದ ಹಾಗೆ. ಮುಂದಿನ ಸಲ ಐಸ್ ಮೇಲೆ ನಿಂತಾಗ ಒಂದು ನಿಮಿಷ ಗಮನ ಕೊಡಿ, ಬೆರಳು ಬಿಚ್ಚಿಕೊಂಡಿದೆಯಾ ಮಡಚಿದೆಯಾ ಅಂತ.

ಸಾಣೆ ಹಿಡಿಸಿದ್ದೀರಾ? ಹೊಸದರ ಬ್ಲೇಡ್ ಎಷ್ಟೋ ಸಲ ಸಾಣೆ ಇಲ್ಲದೇ ಬರುತ್ತದೆ. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ತೋಡು ಇರುತ್ತದಲ್ಲ, ಅದರ ಎರಡು ಅಂಚೇ ಐಸ್ ಹಿಡಿಯೋದು. ಆ ತೋಡಿನ ಬಾಗಿನ ತ್ರಿಜ್ಯ 1/2 ಇಂಚು ಅಂತ ಹೇಳಿ ಹಿಡಿಸಿ, ಶುರುವಿಗೆ ಸಾಕು. ತುಂಬ ಕಚ್ಚುತ್ತೆ ಅನ್ನಿಸಿದರೆ 5/8, ಅದರಲ್ಲಿ ಜಾರಿಕೆ ಜಾಸ್ತಿ.

ಲೇಸ್: ಬೆರಳ ಕಡೆ ಸಡಿಲ, ಪಾದದ ನಡುವಿನಿಂದ ಕಣಕಾಲು ತಿರುಗುವ ಜಾಗದವರೆಗೆ ಬಿಗಿ, ತೀರಾ ಮೇಲಿನ ತೂತಿನಲ್ಲಿ ಮತ್ತೆ ಸ್ವಲ್ಪ ಸಡಿಲ. ಕೆಂಪು ಗೆರೆ ಬರುವ ಜಾಗದಲ್ಲಿ ಒಂದು ಜೊತೆ ತೂತನ್ನು ಬಿಟ್ಟು ಮುಂದಿನದಕ್ಕೆ ಹಾಕಿ.

ಹಳೇಬ್ಲೇಡ್
ಬಲಗಾಲು ಎಡಗಾಲಿಗಿಂತ ಬೇರೆ ಇರೋದು ಮಾಮೂಲಿ. ಎರಡನ್ನೂ ಒಂದೇ ಬಿಗಿಯಲ್ಲಿ ಕಟ್ಟಬೇಕು ಅಂತ ಕಾನೂನಿಲ್ಲ. ನನಗಿದು ಗೊತ್ತಾಗೋಕೆ ವರ್ಷಗಳೇ ಬೇಕಾಯಿತು.

ಬಾಡಿಗೆಕಾಲು
ಹನ್ನೆರಡು ದಿನ ಆದ ಮೇಲೆ ಬರೀತಿದ್ದೇನೆ. ಬದಲಾಯಿಸಿ ಕೊಡಲಿಲ್ಲ, ನಿರೀಕ್ಷೆ ಇತ್ತು. ತೆಳು ಇನ್‌ಸೋಲ್ ಹಾಕಿದೆ, ಓವನ್ ಮಾಡಿಸಿದೆ, ಬಲಗಾಲಲ್ಲಿ ಮೂರನೇ ತೂತು ಬಿಟ್ಟು ಕಟ್ಟಿದೆ. ಈಗ ಎಡಗಾಲಲ್ಲಿ ಪೆನ್ಸಿಲ್ ನೆಟ್ಟಗೆ ಕೂರುತ್ತದೆ, ಬಲಗಾಲಲ್ಲಿ ಕೂದಲೆಳೆಯಷ್ಟು ಅಲ್ಲಾಡುತ್ತದೆ. ನಿನ್ನೆ 50 ನಿಮಿಷ ಜೋಮು ಬರಲಿಲ್ಲ! ಬೆರಳು ಮಡಚೋದೂ ನಿಜ, ಹಿಂದಕ್ಕೆ ಸ್ಕೇಟ್ ಮಾಡುವಾಗ ಮಾತ್ರ.

ಒಂದೇ ಉಳಿದಿದ್ದು, ಬಲಗಾಲ ಕಿರುಬೆರಳಿನ ಬುಡದ ಮೂಳೆ ಹೊರಗಡೆ ಒತ್ತಿ ಗುಳ್ಳೆ ಎದ್ದಿದೆ.

ಸಾಣೆಕಲ್ಲು
ಅದು ಸುಲಭ. ಆ ಒಂದು ಜಾಗವನ್ನು ಮಾತ್ರ ಬಿಸಿ ಮಾಡಿ ಒಳಗಿನಿಂದ ಹೊರಕ್ಕೆ ಒತ್ತುವ ಸಲಕರಣೆ ಇದೆ, ಸ್ಕೇಟ್ ಕೆಲಸ ಗೊತ್ತಿರುವವರು ಮಾಡಿಕೊಡ್ತಾರೆ. ಜಾಗ ಸರಿಯಾಗಿ ತೋರಿಸೋದೇ ಕಷ್ಟ. ಗುಳ್ಳೆ ಮಾಯಲಿ, ಆಮೇಲೆ ಮೂಳೆಯ ಮೇಲೆ ಲಿಪ್‌ಸ್ಟಿಕ್ ದಪ್ಪಕ್ಕೆ ಹಚ್ಚಿ, ಬರಿಗಾಲಲ್ಲಿ ಸ್ಕೇಟ್ ಹಾಕಿ ಬಿಗಿಯಾಗಿ ಕಟ್ಟಿ ಬಿಚ್ಚಿ. ಬೂಟಿನ ಒಳಗೆ ಕಲೆ ಎಲ್ಲಿ ಬಿತ್ತೋ ಅಲ್ಲೇ ಒತ್ತಿಸಿ.

ಬಾಡಿಗೆಕಾಲು
ಮನೆಯವಳ ಹತ್ತಿರ ಲಿಪ್‌ಸ್ಟಿಕ್ ಕೇಳಿದೆ. ಯಾಕೆ ಅಂದಳು, ಕಾಲಿಗೆ ಅಂದೆ. ಕೊಟ್ಟಿಲ್ಲ ಇನ್ನೂ.