ಎರಡನೇ ಸೂಲಿಗೆ ಗಬ್ಬ ನಿಲ್ಲುತ್ತಿಲ್ಲ, ನಿಂತರೂ ಮರಿ ಕಡಿಮೆ

ಆಲೂರು ಹಂದಿಗೂಡು: ನಮಸ್ಕಾರ. ಆಲೂರು ಹತ್ತಿರ ಸಣ್ಣ ಶೆಡ್ ಇದೆ, ಎಲ್ಲಾ ಬಿಳಿ ಯಾರ್ಕ್‌ಶೈರ್. ಮೊದಲ ಸೂಲಿಗೆ ಹತ್ತು-ಹನ್ನೊಂದು ಮರಿ ಹಾಕಿದ ಹಂದಿಗಳು ಈ ಸಲ ಐದಾರಕ್ಕೆ ಇಳಿದಿವೆ. ಎರಡಂತೂ ಗಬ್ಬ ನಿಂತ ಹಾಗೇ ಇದ್ದು, ನಾಲ್ಕು ವಾರ ದಾಟಿದ ಮೇಲೆ ಮತ್ತೆ ಬೆದೆಗೆ ಬಂದವು. ಕಂದು ಹಾಕಿದ್ದನ್ನು ಯಾರೂ ನೋಡಿಲ್ಲ. ಔಷಧಿ ಅಂಗಡಿಯವರು ಗಬ್ಬ ಕಾಯುವ ಹಾರ್ಮೋನ್ ಪ್ರೊಜೆಸ್ಟೆರಾನ್ ಇಂಜೆಕ್ಷನ್ ಕೊಡಿಸಿ ಅನ್ನುತ್ತಾರೆ. ಕೊಡಿಸಲಾ?

ಪಶುವೈದ್ಯ, ಹಾಸನ: ಸದ್ಯಕ್ಕೆ ಬೇಡ. ಹಾಲು ಬಿಡಿಸುವಾಗ ಹಂದಿಯ ಮೈ ಹೇಗಿತ್ತು? ಒಣಗಿದ ಮರಿ ಏನಾದರೂ ಬಿದ್ದಿತ್ತಾ?

ಆಲೂರು ಹಂದಿಗೂಡು: ಬೆನ್ನುಮೂಳೆ, ಸೊಂಟದ ಮೂಳೆ ಎರಡೂ ಎದ್ದು ಕಾಣುತ್ತಿತ್ತು ಸರ್. ಒಣಗಿದ ಮರಿ ಇಲ್ಲ. ಹಾಲುಣಿಸುವಾಗ ಹೋಟೆಲ್ ಮುಸುರೆ, ಸ್ವಲ್ಪ ತೌಡು. ಈಗ ಕ್ರಾಸ್ ಆದ ದಿನದಿಂದ ಎಲ್ಲಕ್ಕೂ ಹೊಟ್ಟೆ ತುಂಬ ಜೋಳದ ನುಚ್ಚು.

ಪಶುವೈದ್ಯ, ಹಾಸನ: ಹಾಗಿದ್ದರೆ ತೊಂದರೆ ಶುರುವಾಗಿದ್ದು ಹಾಲುಣಿಸುವಾಗಲೇ. ಮೊದಲ ಸೂಲಿನ ಹಂದಿ ತಾನೂ ಬೆಳೆಯಬೇಕು, ಹತ್ತು ಮರಿಗೆ ಹಾಲೂ ಕೊಡಬೇಕು. ತಿಂದದ್ದು ಸಾಲದಿದ್ದರೆ ಮೈ ಕರಗಿಸಿ ಹಾಲು ಕೊಡುತ್ತದೆ. ಆಗ ರಕ್ತದಲ್ಲಿ ಇನ್ಸುಲಿನ್, ಐಜಿಎಫ್-1, ಲೆಪ್ಟಿನ್ ಅನ್ನೋ ಮೂರೂ ಹಾರ್ಮೋನು ಇಳಿಯುತ್ತವೆ. ಮನೆಯಲ್ಲಿ ದಿನಸಿ ಮುಗಿದಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿದ ಹಾಗೆ. ಅದು ಎಲ್‌ಎಚ್ ಹಾರ್ಮೋನಿಗೆ ಕಡಿವಾಣ ಹಾಕುತ್ತದೆ. ಅಂಡ ಸರಿಯಾಗಿ ಬಲಿಯುವುದಿಲ್ಲ. ಅಂಡ ಬಿಟ್ಟ ಜಾಗದಲ್ಲಿ ಏಳುವ ಕಾರ್ಪಸ್ ಲೂಟಿಯಂ ಗಂಟೂ ಸಣ್ಣದಾಗುತ್ತದೆ. ಹಂದಿಯಲ್ಲಿ ಈನುವವರೆಗೂ, ಅಂದರೆ ಸುಮಾರು 114 ದಿನ, ಗಬ್ಬ ಕಾಯುವ ಪ್ರೊಜೆಸ್ಟೆರಾನ್ ಬರುವುದು ಆ ಗಂಟಿನಿಂದಲೇ. ಗಂಟು ಸಣ್ಣದಾದರೆ ಅದೂ ಕಡಿಮೆಯಾಗಿ ಭ್ರೂಣ ಸಾಯಬಹುದು.

ಸುಮಾರು 35 ದಿನದೊಳಗೆ ಸತ್ತ ಭ್ರೂಣಕ್ಕೆ ಮೂಳೆ ಗಟ್ಟಿಯಾಗಿರುವುದಿಲ್ಲ, ಒಳಗೇ ಕರಗಿ ಹೋಗುತ್ತದೆ. ನಿಮಗೆ ಏನೂ ಕಾಣದಿದ್ದದ್ದು ಅದಕ್ಕೇ. ಗಬ್ಬವೇ ಕಟ್ಟದಿದ್ದರೆ 18–24 ದಿನಕ್ಕೆ ಬೆದೆ ಬಂದುಬಿಡುತ್ತಿತ್ತು. ನಿಮ್ಮವು ಆಮೇಲೆ ಬಂದಿವೆ, ಅಂದರೆ ಗಬ್ಬ ಕಟ್ಟಿ ಆಮೇಲೆ ಒಳಗೇ ಕರಗಿರುವ ಸಾಧ್ಯತೆಯೇ ಜಾಸ್ತಿ.

ಇನ್ನು ಕ್ರಾಸ್ ಆದ ಮೇಲಿನ ಮೇವು. ಬಡಕಲು ಹಂದಿಗೆ ಸ್ವಲ್ಪ ಜಾಸ್ತಿ ಹಾಕಿ, ತಪ್ಪಿಲ್ಲ. ಮೊದಲ ಸಲ ಕ್ರಾಸ್ ಆದ ಪಡ್ಡೆಗೆ ಮಾತ್ರ ಮೊದಲ ಕೆಲವು ದಿನ ಸುಮ್ನೆ ತುಂಬಿಸಬೇಡಿ. ಹೆಚ್ಚು ತಿಂದರೆ ಈಲಿಗೆ (ಲಿವರ್) ರಕ್ತ ಜಾಸ್ತಿ ಹರಿದು, ಅಲ್ಲಿ ಪ್ರೊಜೆಸ್ಟೆರಾನ್ ಒಡೆದು ಬೇಗ ಖಾಲಿಯಾಗುತ್ತದೆ.

ನಿಜವಾಗಿ ಕೈ ಬಿಚ್ಚಬೇಕಾದದ್ದು ಹಾಲುಣಿಸುವಾಗ. ದಿನಕ್ಕೆ 2 ಕೆಜಿ, ಜೊತೆಗೆ ಒಂದೊಂದು ಮರಿಗೆ ಅರ್ಧ ಕೆಜಿಯಂತೆ ಒಳ್ಳೆ ಫೀಡ್. ಮುಸುರೆಯಲ್ಲಿ ನೀರೇ ಜಾಸ್ತಿ ಅಲ್ವಾ? ಬೇಸಿಗೆಯಲ್ಲಿ ಮುಂಜಾನೆ, ರಾತ್ರಿ ತಂಪು ಹೊತ್ತಿಗೆ ಹಾಕಿ. ಹಾಲು ಬಿಡಿಸಿದ ಮೇಲೂ ಬೆದೆ ಬರುವ ತನಕ ಕಡಿಮೆ ಮಾಡಬೇಡಿ.

ಮೂಡಿಗೆರೆ ಸಾಕಣೆ: ಅಣ್ಣ, ಜೋಳ ಮಳೆಗೆ ಸಿಕ್ಕಿದ್ದಾ? ಬೂಷ್ಟು ಹಿಡಿದಿದ್ದರೆ ಅದೂ ನೋಡಿ.

ಪಶುವೈದ್ಯ, ಹಾಸನ: ಒಳ್ಳೆ ಮಾತು. ಬೂಷ್ಟಿನ ಜಿಯರಾಲೆನೋನ್ ವಿಷ ಈಸ್ಟ್ರೊಜನ್ ಥರ ಆಡುತ್ತದೆ. ಬೆದೆ ಇಲ್ಲದೆಯೂ ಪಡ್ಡೆಗಳ ಯೋನಿ ಊದಿಕೊಂಡಿದ್ದರೆ ಆ ಜೋಳ ನಿಲ್ಲಿಸಿ.

ಆಲೂರು ಹಂದಿಗೂಡು: ಊತ ಇಲ್ಲ ಸರ್. ಮತ್ತೆ ಬೆದೆಗೆ ಬಂದ ಎರಡನ್ನು ಈಗಲೇ ಕ್ರಾಸ್ ಮಾಡಿಸಲಾ?

ಪಶುವೈದ್ಯ, ಹಾಸನ: ಇನ್ನೂ ಮೂಳೆ ಕಾಣುತ್ತಿದ್ದರೆ ಈ ಬೆದೆ ಬಿಡಿ. ಮೂರು ವಾರ ಚೆನ್ನಾಗಿ ತಿನ್ನಿಸಿ ಮುಂದಿನದಕ್ಕೆ ಕ್ರಾಸ್ ಮಾಡಿಸಿ. ಅಷ್ಟರಲ್ಲಿ ಗಬ್ಬ ಕೆಡಿಸುವ ಬ್ರುಸೆಲ್ಲಾ, ಲೆಪ್ಟೊಸ್ಪೈರಾ, ಪಾರ್ವೊ ಸೋಂಕು ಇಲ್ಲ ಅಂತ ರಕ್ತ ಪರೀಕ್ಷೆಯೂ ಆಗಲಿ. ಮೊದಲ ಎರಡು ಮನುಷ್ಯರಿಗೂ ಅಂಟುತ್ತವೆ, ಈನಿಸುವಾಗ ಗ್ಲೌಸ್ ಹಾಕಿಕೊಳ್ಳಿ.