ಫೋನಿನಲ್ಲಿ ಸಿಕ್ಕ ಮನೆ ಗೇಟಿನ ಹತ್ರ ಕೈತಪ್ಪಿದ್ರೆ ಏನ್ಮಾಡ್ತೀರಿ? ಅನುಭವ ಹೇಳಿ

ಯಲ್ಲಾಪುರದವಳು:

ನಾನು ಸಿದ್ದಿ, ಅಂದ್ರೆ ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ಬಳಗದವಳು, ಊರು ಯಲ್ಲಾಪುರ ತಾಲೂಕು. ಬಿಕಾಂ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಫೀಸಿನಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಇಷ್ಟು ದಿನ ಪೀಜಿಯಲ್ಲಿದ್ದೆ. ಈ ವರ್ಷ ತಮ್ಮ ಡಿಪ್ಲೊಮಾಕ್ಕೆ ಬರ್ತಾನೆ, ಅದಕ್ಕೆ ರಾಜಾಜಿನಗರ, ಯಶವಂತಪುರದ ಕಡೆ ಸಣ್ಣದೊಂದು ಮನೆ ಹುಡುಕ್ತಿದ್ದೀನಿ. ಫೋನಿನಲ್ಲಿ ಎಲ್ಲಾ ಸರಿ ಇರತ್ತೆ. "ಶಿರಸಿ ಕಡೆಯವ್ರಾ? ಒಳ್ಳೇ ಜನ, ಬನ್ನಿಮ್ಮಾ" ಅಂತಾರೆ. ಹೋಗಿ ಗೇಟಿನ ಹತ್ರ ನಿಂತೆ ಅಂದ್ರೆ "ಅಯ್ಯೋ, ಈಗಷ್ಟೇ ಬೇರೆಯವ್ರಿಗೆ ಕೊಟ್ಬಿಟ್ವಿ." ಟು-ಲೆಟ್ ಬೋರ್ಡು ಮಾತ್ರ ಮುಂದಿನ ಭಾನುವಾರವೂ ಅಲ್ಲೇ ನೇತಾಡ್ತಿರತ್ತೆ. ಒಬ್ರು ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದ್ರು. ಕನ್ನಡದಲ್ಲಿ ಉತ್ತರ ಕೊಟ್ಟೆ. ಮತ್ತೆ ಇಂಗ್ಲಿಷಿನಲ್ಲೇ ವೀಸಾ ಯಾವಾಗ ಮುಗಿಯತ್ತೆ ಅಂದ್ರು.

ಆಫೀಸಿನಲ್ಲಿ ಯಾರೂ ಕೆಟ್ಟದಾಗಿ ಮಾತಾಡಲ್ಲ. ಆದ್ರೆ ಸ್ಪೋರ್ಟ್ಸ್ ಡೇ ಬಂತು ಅಂದ್ರೆ ನನ್ನ ಕೇಳದೇ ರಿಲೇ ಟೀಮಿಗೆ ಹೆಸರು ಹಾಕಿರ್ತಾರೆ. ಆನ್ಯುಯಲ್ ಡೇಗೆ "ನಿಮ್ಮ ಡಮಾಮಿ ಡ್ಯಾನ್ಸ್ ಮಾಡಿ" ಅಂತಾರೆ. ನಂಗೆ ಓಡೋಕೆ ಬರಲ್ಲ, ಕುಣಿಯೋದೂ ಅಷ್ಟಕ್ಕಷ್ಟೇ. ಇದೆಲ್ಲ ಬಣ್ಣಕ್ಕಾ, ಜಾತಿಗಾ, ಬಡವರ ಮನೆಯವಳು ಅಂತಲಾ? ಸಿದ್ದಿ ಅಂತ ಫೋನಿನಲ್ಲೇ ಹೇಳೋದಾ, ಬೇಡ್ವಾ? ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ.

ಹಳಿಯಾಳ ಕಡೆಯವ:

ತಂಗಿ, ಮೂರಕ್ಕೂ ಹೌದು. ಆದ್ರೆ ಮೂರೂ ಒಟ್ಟಿಗೇ ಬರಲ್ಲ. ಎದುರಿಗಿದ್ದವನು ನಿನ್ನನ್ನ ಯಾರು ಅಂದ್ಕೊಂಡಿದ್ದಾನೆ ಅನ್ನೋದರ ಮೇಲೆ ಒಂದಾದ ಮೇಲೊಂದು ಬರ್ತವೆ.

ನಾನು ಮೊದಲು ಕಮ್ಮನಹಳ್ಳಿ ಕಡೆ ಮನೆ ನೋಡ್ದೆ. ಆ ಕಡೆ ಆಫ್ರಿಕಾದ ವಿದ್ಯಾರ್ಥಿಗಳು ಜಾಸ್ತಿ, ನಮ್ಮ ಮುಖ ನೋಡಿ ಯಾರೂ ಬೆಚ್ಚಿಬೀಳಲ್ಲ ಅಂತ ಲೆಕ್ಕ ಹಾಕಿದ್ದೆ. ಓನರ್ ಬಾಗಿಲು ತೆಗೆದು ನಕ್ಕು, ಕೈಬೆರಳಲ್ಲೇ ಬಾಡಿಗೆ ತೋರಿಸಿದ. ಪಕ್ಕದ ಮನೆಗೆ ಕೊಡೋದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಫಾರಿನರ್ಸ್ ರೇಟು. "ಸಾರ್, ನಾನು ಹಳಿಯಾಳದವ" ಅಂದೆ. ಬಾಯಿಬಿಟ್ಟುಕೊಂಡು ನೋಡಿದ. ಕೂರಿಸಿ ಕಾಫಿ ಕೊಟ್ಟ, ಹೆಂಡತೀನ ಕರೆದು "ನೋಡೇ, ಕನ್ನಡ ಮಾತಾಡ್ತಾನೆ" ಅಂದ. ಸಿದ್ದಿ ಅಂದ್ರೆ ಯಾರು, ಎಲ್ಲಿರ್ತಾರೆ ಅಂತೆಲ್ಲ ಕೇಳ್ದ. ದಾಂಡೇಲಿ ಕಾಡು, ಅಡಿಕೆ ತೋಟ ಅಂತ ಹೇಳ್ತಾ ಹೋದ ಹಾಗೆ ಅವನ ಮುಖ ಬದಲಾಯ್ತು. "ಕೂಲಿ ಕೆಲಸಾನಾ? ಊರಿಂದ ಎಷ್ಟು ಜನ ಬಂದು ಉಳ್ಕೋತಾರೆ? ಕುಡಿಯೋದು ಗಿಡಿಯೋದು?" ಕಾಫಿ ಲೋಟ ಕೆಳಗಿಡೋದ್ರೊಳಗೆ ಮನೆ ಬೇರೆಯವ್ರಿಗೆ ಹೋಗಿತ್ತು. ಹೊರದೇಶದವ ಅಂದ್ಕೊಂಡಾಗ ಡಾಲರ್ ಕಂಡಿತ್ತು, ದುಪ್ಪಟ್ಟು ಬಾಡಿಗೆಗೆ ಮನೆ ಇತ್ತು. ಇದೇ ರಾಜ್ಯದವ ಅಂತ ಗೊತ್ತಾದ ಮೇಲೆ ಯಾವ ಬಾಡಿಗೆಗೂ ಇಲ್ಲ.

ಊರಲ್ಲಿ ನಮ್ಮನ್ನ ಆಫ್ರಿಕಾದವ್ರು ಅಂತ ಯಾರೂ ಅನ್ನಲ್ಲ, ಗೊತ್ತಲ್ಲ. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದವರ ಪೈಕಿ ನಾವು ಅಂತ ದೊಡ್ಡೋರು ಹೇಳ್ತಾರೆ, ಅದೂ ಆಗಿ ಎಷ್ಟೋ ತಲೆಮಾರಾಯ್ತು. ಅಲ್ಲಿ ನಮ್ಮ ಅಪ್ಪ ಅಂದ್ರೆ ತೋಟದ ಆಳು. ಕೆಲಸ ಮುಗಿಸಿ ಅಂಗಳದ ತುದೀಲಿ ಕೂರೋದು, ಚಾ ಬೇರೆ ಲೋಟದಲ್ಲಿ, ಕುಡಿದ ಮೇಲೆ ತಾನೇ ತೊಳೆದು ಮಾಡಿನ ಸಂದೀಲಿ ಸಿಕ್ಕಿಸಿ ಬರೋದು. ಆ ಲೋಟಕ್ಕೆ ನಮ್ಮ ಬಣ್ಣ ಮುಖ್ಯ ಆಗಿರ್ಲಿಲ್ಲ. ಭೂಮಿ ಯಾರ ಹೆಸರಲ್ಲಿದೆ, ಕೂಲಿ ಯಾರು ಮಾಡ್ತಾರೆ, ಅದೇ ಮುಖ್ಯ. ಇಲ್ಲಿ ಬೆಂಗಳೂರಲ್ಲಿ ನನ್ನ ಹತ್ರ ಲೋಟ ತೊಳೆಸಲ್ಲ, ಆದ್ರೆ ಆಟೋದವ ನಿಲ್ಸಲ್ಲ. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರಲ್ಲ. ನನ್ನ ಹೆಸರು ಮುಸ್ಲಿಂ ಹೆಸರು, ಹಂಗಾಗಿ ನಂಗೆ ಒಂದು ಪ್ರಶ್ನೆ ಎಕ್ಸ್‌ಟ್ರಾ.

ರಿಲೇ ವಿಷಯಕ್ಕೆ ನಗು ಬಂತು. 1980ರ ದಶಕದ ಕೊನೆಗೆ ಸ್ಪೋರ್ಟ್ಸ್ ಅಥಾರಿಟಿಯವರು ನಮ್ಮ ಹಾಡಿಗಳಿಗೆ ಬಂದು ಮಕ್ಕಳನ್ನ ಓಡಿಸಿ ನೋಡಿ ಆರಿಸ್ಕೊಂಡು ಹೋಗಿದ್ರು. ಮೂಲ ಆಫ್ರಿಕಾ, ಹಂಗಾಗಿ ಒಲಿಂಪಿಕ್ಸ್ ಪದಕ ಬರತ್ತೆ ಅಂತ. ಕಮಲಾ ಸಿದ್ದಿಯಂಥವರು ನಿಜವಾಗಿ ಮುಂದೆ ಬಂದ್ರು. ಕೆಲವೇ ವರ್ಷದಲ್ಲಿ ಯೋಜನೆ ನಿಂತೋಯ್ತು, ಎಷ್ಟೋ ಮಕ್ಕಳು ಅರ್ಧದಲ್ಲೇ ವಾಪಸ್. ಕಾಲು ಬೇಕಿತ್ತು, ಹುಡುಗ ಬೇಕಿರ್ಲಿಲ್ಲ. ನಿನ್ನ ಆಫೀಸಿನವರು ಹೊಗಳ್ತಿದ್ದೀವಿ ಅಂದ್ಕೊಂಡಿರ್ತಾರೆ. ನೀನು ನಗ್ತಾನೇ ಹೇಳು, ಟ್ಯಾಲಿ ಕಾಂಪಿಟಿಶನ್ ಇಡಿ, ಗೆದ್ದು ತೋರಿಸ್ತೀನಿ ಅಂತ.

ಮನೆ ವಿಷಯಕ್ಕೆ: ಫೋನಿನಲ್ಲೇ ಹೇಳ್ಬಿಡು. ಗೇಟಿನ ಹತ್ರ ಬೇಡ ಅನ್ನಿಸ್ಕೊಳ್ಳೋದಕ್ಕಿಂತ ಫೋನಿನಲ್ಲಿ ಅನ್ನಿಸ್ಕೊಂಡ್ರೆ ಅರ್ಧ ನೋವು.

ಮಂಗಳೂರಿನ ಅಂಗಡಿಯವ:

ಇಷ್ಟೆಲ್ಲ ತಲೆಬಿಸಿ ಬೇಡ ಮಾರಾಯ್ರೆ. ದುಡ್ಡು ಉಂಟಾ, ಯಾರೂ ಏನೂ ಕೇಳುದಿಲ್ಲ. ಅಡ್ವಾನ್ಸ್ ಒಂದೆರಡು ತಿಂಗಳಿದ್ದು ಜಾಸ್ತಿ ಕೊಡ್ತೇನೆ ಹೇಳಿ. ನನ್ನ ದೋಸ್ತಿ ಒಬ್ಬ ಕಪ್ಪಗೆ ಇದ್ದಾನೆ, ದೊಡ್ಡ ಕಾರಿನಿಂದ ಇಳಿದ್ರೆ ವಾಚ್‌ಮನ್ ಸೆಲ್ಯೂಟ್ ಹೊಡೀತಾನೆ. ಈಗಿನ ಕಾಲದಲ್ಲಿ ಇರುವುದು ಎರಡೇ ಜಾತಿ.

ಹಳಿಯಾಳ ಕಡೆಯವ:

ಸಾರ್, ಕಾರಿನ ಮಾತು ಬಂತಲ್ಲ, ಅದಕ್ಕೇ ಹೇಳ್ತೀನಿ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೇಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಒಬ್ಬ ಹೆಂಗಸು ಸತ್ತಳು. ಸ್ವಲ್ಪ ಹೊತ್ತಿಗೆ ಅದೇ ದಾರೀಲಿ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಸ್ನೇಹಿತರ ಜೊತೆ ಕಾರಲ್ಲಿ ಬಂದಳು. ಅಪಘಾತಕ್ಕೂ ಅವಳಿಗೂ ಸಂಬಂಧ ಇಲ್ಲ, ದೇಶವೇ ಬೇರೆ. ಗುಂಪು ಅವರನ್ನ ಎಳೆದು ಹೊಡೀತು, ಅವಳ ಬಟ್ಟೆ ಹರೀತು, ಕಾರಿಗೆ ಬೆಂಕಿ ಹಚ್ಚಿತು. ತಪ್ಪಿಸ್ಕೊಳ್ಳೋಕೆ ಬಸ್ ಹತ್ತಿದ್ರೆ ಅಲ್ಲಿಂದಲೂ ಕೆಳಗೆ ದಬ್ಬಿದ್ರು. ಫೀಸು ಕಟ್ಟಿ ಓದೋಕೆ ಬಂದವಳು, ಕಾರಿತ್ತು, ದುಡ್ಡಿತ್ತು. ಆ ವಾರ ನಾನು ಪೀಣ್ಯದ ಫ್ಯಾಕ್ಟರಿಗೆ ಹೋಗುವಾಗ ಆಧಾರ್ ಕಾರ್ಡನ್ನ ಅಂಗಿ ಜೇಬಲ್ಲೇ ಇಟ್ಕೊಂಡಿದ್ದೆ. ದುಡ್ಡು ನಮ್ಮನ್ನ ಬಾಡಿಗೆದಾರ ಮಾಡತ್ತೆ ಸಾರ್, ಗುಂಪಿನ ಎದುರಿಗೆ ಅದು ನಡೆಯಲ್ಲ.

ಕಲಬುರ್ಗಿ ಮಂದಿ:

ಅಂಗಡಿ ಅಣ್ಣಾರ ಮಾತು ಅರ್ಧ ಖರೆ ಅದ ನೋಡ್ರಿ. ನಾ ದಲಿತ. ಮೈಬಣ್ಣ ಕೆಂಪು, ಕೆಲಸ ಸಾಫ್ಟ್‌ವೇರು, ಇಂಗ್ಲಿಷ್ ಫಟಾಫಟ್. ನಂಗ ಗೇಟಿನ್ಯಾಗ ಯಾರೂ ತಡಿಯಂಗಿಲ್ಲ. ಹಾಲ್ ನೋಡ್ತೀನಿ, ಬೆಡ್‌ರೂಮ್ ನೋಡ್ತೀನಿ, ಅಡ್ವಾನ್ಸಿನ ಮಾತೂ ಮುಗೀತದ. ಆಮ್ಯಾಲ ಅಡಿಗಿಮನಿ ಬಾಗಿಲದಾಗ ಶುರು ಆಗತದ. "ವೆಜ್ಜಾ?" "ಪೂರ್ತಿ ಹೆಸರೇನ್ರೀ?" "ಮನೆದೇವ್ರು ಯಾವುದು?" ನಮ್ಮ ಕಡಿಯವರೇ ಓನರ್ ಇದ್ರ ಇನ್ನೂ ಸೀದಾ: "ಊರಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತದ?" ಓಣಿ ಹೇಳಿದ್ರ ಎಲ್ಲಾ ಹೇಳ್ದಂಗ.

ತಂಗಿಗೆ ಮಾರಿ ನೋಡೇ ಬಾಗಿಲ ಹಾಕ್ತಾರ, ನಂಗ ಹೆಸರ ಕೇಳಿ. ನಾ ಮುಚ್ಚಿಟ್ಕೊಂಡು ಇರಬಹುದು. ಇದ್ದೀನೂ ಸಹ, ಒಂದ್ ಮನ್ಯಾಗ. ಊರಿಂದ ಅವ್ವ ಬಂದ್ರ, ಓನರ್ ಹೆಣ್ಮಗಳ ಕೂಡ ಏನ್ ಮಾತಾಡ್ತಾಳೋ ಅಂತ ಕಿವಿ ಅತ್ಲಾಗೇ ಇರ್ತಿತ್ತು. ಅವ್ವಗ ಬ್ಯಾಡ ಅನ್ನಲಿಕ್ಕ ಬರಂಗಿಲ್ಲ, ಆಕಿ ಮಾತಾಡಿದ್ರ ನಂಗ ನಿದ್ದಿ ಬರಂಗಿಲ್ಲ. ಅಂಥಾ ಮನಿ ಬ್ಯಾಡ. ಫೋನಿನ್ಯಾಗ ಹೇಳೂದೇ ಛಲೋ ಅಂತ ನಂದೂ ಮತ.

ಎರಡು ಉಪಾಯ ಹೇಳ್ತೀನಿ. ಓನರ್ ಅದೇ ಬಿಲ್ಡಿಂಗಿನ್ಯಾಗ ಇರಲಾರದ ಮನಿ ಹುಡುಕ್ರಿ, ಫ್ಲ್ಯಾಟ್ ಒಂದು ಊರಾಗ, ಓನರ್ ಮತ್ತೊಂದು ದೇಶದಾಗ ಇರುವಂಥಾದ್ದು. ಅವರಿಗೆ ತಿಂಗಳ ಒಂದನೇ ತಾರೀಖಿಗೆ ಬಾಡಿಗಿ ಬಂದ್ರ ಸಾಕು. ಅಂಥಾದ್ದು ಸ್ವಲ್ಪ ತುಟ್ಟಿ ಆಗತದ, ದುಡ್ಡು ನಿಜವಾಗಿ ಕೆಲಸಕ್ಕ ಬರೂದು ಅಲ್ಲೇ. ಎರಡನೇದು, "ಕೊಟ್ಟುಬಿಟ್ವಿ" ಅಂದ ಮನಿಗೆ ಸಂಜಿಕಡಿ ಆಫೀಸಿನ ಗೆಳತಿ ಕಡಿಂದ ಫೋನ್ ಮಾಡಿಸ್ರಿ. ಮನಿ ಖಾಲಿ ಅದ ಅಂದ್ರ, ತಪ್ಪು ನಿಮ್ಮ ಮಾತಿನ್ಯಾಗ, ನಡಾವಳ್ಯಾಗ ಇಲ್ಲ ಅನ್ನೂದರೇ ಖಾತ್ರಿ ಆಗತದ. ನಂಗ ಅದು ಬಾಳ ಬೇಕಾಗಿತ್ತು.

ವಕೀಲಿ ಕೆಲಸದವಳು:

ಕಾನೂನಿನ ಕಡೆಯಿಂದ ಸ್ವಲ್ಪ. ನಿರಾಸೆಯ ಭಾಗ ಮೊದಲೇ ಹೇಳಿಬಿಡ್ತೀನಿ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ, ಧರ್ಮ, ಜನಾಂಗದ ಹೆಸರಿನಲ್ಲಿ ತಡೆಯಬಾರದು ಅನ್ನುತ್ತೆ. ಖಾಸಗಿ ಮನೆಯವರು ಬಾಡಿಗೆಗೆ ಕೊಡಲ್ಲ ಅಂದರೆ ಅದನ್ನು ಹಿಡಿದು ಕೇಳೋಕೆ ಅಷ್ಟು ನೇರವಾದ ದಾರಿ ಇಲ್ಲ. ಓನರ್ ಕಾರಣ ಹೇಳಬೇಕಾಗಿಲ್ಲ, ಹೇಳೋದೂ ಇಲ್ಲ.

ಆದರೆ ಬೈಗುಳ, ಬೆದರಿಕೆ ಬೇರೆ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ. ಬೆಳಗಾವಿ, ಧಾರವಾಡ ಜಿಲ್ಲೆಯವರನ್ನು 2020ರಲ್ಲಿ ಸೇರಿಸಿದರು. ಅಲ್ಲಿಯವರೆಗೆ ಒಂದೇ ಬಳಗದವರಿಗೆ ಜಿಲ್ಲೆಯ ಗಡಿ ದಾಟಿದ್ದಕ್ಕೆ ಸರ್ಟಿಫಿಕೇಟ್ ಇರಲಿಲ್ಲ. ಹಾಗಾಗಿ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯೋ 1989ರ ಕಾಯ್ದೆ ನಿಮಗೆ ಅನ್ವಯ ಆಗುತ್ತೆ. ಸಾರ್ವಜನಿಕರ ಕಣ್ಣೆದುರು ಜಾತಿ ಹಿಡಿದು ಅವಮಾನ ಮಾಡಿದರೆ ಅಪರಾಧ. 'ಕಣ್ಣೆದುರು' ಅನ್ನೋದನ್ನು ಗಮನಿಸಿ: ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದರೊಳಗೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಗೇಟಿನಲ್ಲಿ, ಬೀದಿಯಲ್ಲಿ ಆದರೆ ಪಕ್ಕದಲ್ಲಿದ್ದವರ ಹೆಸರು ಬರೆದಿಟ್ಟುಕೊಳ್ಳಿ. ತನಿಖೆ ಡಿವೈಎಸ್ಪಿ ದರ್ಜೆಯ ಅಧಿಕಾರಿಯೇ ಮಾಡಬೇಕು. ಠಾಣೆಯಲ್ಲಿ ಸತಾಯಿಸಿದರೆ 14566ಕ್ಕೆ ಫೋನ್ ಮಾಡಿ, ಅದು ಇದಕ್ಕೇ ಇರುವ ಸಹಾಯವಾಣಿ.

ಇಲ್ಲೊಂದು ಸಿಕ್ಕು ಇದೆ. ನಿಮ್ಮನ್ನು ಆಫ್ರಿಕಾದವಳು ಅಂತ ತಿಳಿದು ಬಣ್ಣ ಹಿಡಿದು ಬೈದವನ ಮೇಲೆ ಈ ಕೇಸು ನಿಲ್ಲಿಸೋದು ಕಷ್ಟ, ಯಾಕಂದರೆ ಅವನಿಗೆ ನೀವು ಪರಿಶಿಷ್ಟ ಪಂಗಡ ಅಂತ ಗೊತ್ತೇ ಇಲ್ಲ ಅಂತ ವಾದ ಬರುತ್ತೆ. ಬಣ್ಣಕ್ಕೆ, ಜನಾಂಗಕ್ಕೆ ಅಂತಲೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ದೆಹಲಿಯಲ್ಲಿ ಅರುಣಾಚಲದ ಹುಡುಗ ನಿಡೊ ತಾನಿಯಾ ಗೇಲಿ ಮಾಡಿದವರ ಹೊಡೆತಕ್ಕೆ ಸತ್ತ ಮೇಲೆ 2014ರಲ್ಲಿ ಈಶಾನ್ಯದವರ ತೊಂದರೆ ನೋಡೋಕೆ ಬೇಜ್‌ಬರುವಾ ಸಮಿತಿ ಮಾಡಿ ವರದಿ ತೆಗೆದುಕೊಂಡರು. ಶಿಫಾರಸುಗಳು ಒಳ್ಳೆಯವೇ ಇದ್ದವು.

ಮಣಿಪುರ ಟು ಮಾರತಹಳ್ಳಿ:

ನನ್ನ ಕನ್ನಡದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕೊಳ್ಳಿ. ನಾನು ಪಾರ್ಲರ್‌ನಲ್ಲಿ ಕೆಲಸ. 2012 ಆಗಸ್ಟಲ್ಲಿ ಈಶಾನ್ಯದವರಿಗೆ ಹೊಡೀತಾರೆ ಅನ್ನೋ ಎಸ್ಸೆಮ್ಮೆಸ್ ಗಾಳಿಸುದ್ದಿಗೆ ನಮ್ಮವರೆಲ್ಲ ಗುವಾಹಟಿ ಟ್ರೈನ್ ಹತ್ತಿದ್ರಲ್ಲ, ನಾನೂ ಹತ್ತಿದ್ದೆ. ವಾಪಸ್ ಬಂದೆ. ನಮ್ಮ ಜೊತೆ ಸಾಫ್ಟ್‌ವೇರ್ ಕೆಲಸದ ಮಣಿಪುರದವರಿಗೂ "ಚೈನೀಸ್" ಅಂತಾರೆ, ನಂಗೂ ಅಂತಾರೆ. ವ್ಯತ್ಯಾಸ ಏನು ಅಂದ್ರೆ, ಅವ್ರಿಗೆ ಅಂದು ಸುಮ್ಮನಾಗ್ತಾರೆ, ಪಾರ್ಲರ್ ಹುಡುಗಿಗೆ ಅಂದ ಮೇಲೆ ರೇಟ್ ಕೇಳ್ತಾರೆ. ಅರ್ಥ ಆಯ್ತಲ್ಲ.

ಸಿಯಾಟಲ್ ಕಡೆಯಿಂದ:

ನಾನು ಮೈಸೂರಿನವಳು, ಮೇಲ್ಜಾತಿ ಮನೆ. ಊರಲ್ಲಿರುವಷ್ಟು ದಿನ ನನ್ನನ್ನು ಯಾರೂ ಗೇಟಿನಲ್ಲಿ ನಿಲ್ಲಿಸಿರಲಿಲ್ಲ. ಇಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಪಾರ್ಕಿಗೆ ಹೋದರೆ "ಗಂಟೆಗೆ ಎಷ್ಟು ತೆಗೆದುಕೊಳ್ತೀರಿ" ಅಂತ ಕೇಳಿದವರಿದ್ದಾರೆ, ಮಗು ನನಗಿಂತ ಬೆಳ್ಳಗಿದೆ ನೋಡಿ. ಕೊರಳಲ್ಲಿ ಆಸ್ಪತ್ರೆಯ ಬ್ಯಾಡ್ಜ್ ಇದ್ದರೆ ಅದೇ ಜನ ಡಾಕ್ಟರ್ ಅಂತಾರೆ. ನನಗೆ ಬ್ಯಾಡ್ಜ್ ಕೆಲಸ ಮಾಡುತ್ತೆ. ನನ್ನ ಜೊತೆಗಿರುವ ಕರಿಯ ಡಾಕ್ಟರ್‌ಗೆ ಆಸ್ಪತ್ರೆಯೊಳಗೆ ಮಾತ್ರ ಕೆಲಸ ಮಾಡುತ್ತೆ, ಅವರು ತಮ್ಮದೇ ಬಡಾವಣೆಯಲ್ಲಿ ಸಂಜೆ ವಾಕಿಂಗ್ ಹೋಗೋದು ಬಿಟ್ಟಿದ್ದಾರೆ.

ಇನ್ನೊಂದು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನೂ ನಿಷೇಧಿಸಿತು, ಅಮೆರಿಕದಲ್ಲಿ ಮೊದಲ ನಗರ. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ. ಎರಡೂ ಸಲ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯುದ್ಧ. "ಇಲ್ಲಿ ಜಾತಿ ಎಲ್ಲಿದೆ" ಅಂತ ಬರೆದವರ ಪ್ರೊಫೈಲ್ ಫೋಟೋ ಮಗನ ಉಪನಯನದ್ದು. ಬಿಳಿಯರ ಕಣ್ಣಲ್ಲಿ ನಾವೆಲ್ಲ ಒಂದೇ, ನಮ್ಮ ಕಣ್ಣಲ್ಲಿ ಅಲ್ಲ.

ಮಂಗಳೂರಿನ ಅಂಗಡಿಯವ:

ಹೆಸರಘಟ್ಟದ್ದು ಪೇಪರಲ್ಲಿ ಓದಿದ್ದೆ, ಬಸ್ಸಿನಿಂದ ದಬ್ಬಿದ್ದು ಗೊತ್ತಿರ್ಲಿಲ್ಲ. ಆದ್ರೂ ಅಡ್ವಾನ್ಸ್ ಜಾಸ್ತಿ ಕೊಡುವ ಐಡಿಯಾ ಬಿಡ್ಬೇಡಿ, ಬೆಂಗಳೂರಲ್ಲಿ ಕೆಲವರು ಹತ್ತು ತಿಂಗಳಿದ್ದು ಕೇಳ್ತಾರೆ, ಅಲ್ಲಿ ಚೌಕಾಸಿ ಮಾಡದವರು ಕಣ್ಣಿಗೆ ಬೀಳ್ತಾರೆ.

ಯಲ್ಲಾಪುರದವಳು:

ಅಂಗಡಿ ಅಣ್ಣ, ಅಷ್ಟು ದುಡ್ಡಿದ್ರೆ ತಮ್ಮನ್ನ ಹಾಸ್ಟೆಲಿಗೇ ಹಾಕ್ತಿದ್ದೆ. ಬಡವರು ಅಂತ ಅನುಮಾನ ಪಡ್ತಾರೆ, ಅನುಮಾನ ಹೋಗ್ಬೇಕಂದ್ರೆ ಜಾಸ್ತಿ ದುಡ್ಡು ಕೊಡ್ಬೇಕು, ಇದು ಯಾವ ಲೆಕ್ಕ? ನಾನು ಅಕೌಂಟ್ಸಿನವಳು, ಟ್ಯಾಲಿ ಆಗ್ತಿಲ್ಲ.

ಹಳಿಯಾಳ ಅಣ್ಣ, ನೀವು ಹೇಳಿದ ಮೇಲೆ ಫೋನಿನಲ್ಲೇ ಹೇಳೋಕೆ ಶುರು ಮಾಡಿದ್ದೀನಿ. "ಸಿದ್ದಿ ಅಂದ್ರೆ?" ಅಂತಾರೆ. 2020ರಲ್ಲಿ ಎಮ್ಮೆಲ್ಸಿ ಆದ ಶಾಂತಾರಾಮ ಸಿದ್ದಿ ಅವರ ಹೆಸರು ಹೇಳ್ತೀನಿ, ಆಗ ಟೀವೀಲಿ ನೋಡಿದವರಿಗೆ ನೆನಪಾಗತ್ತೆ. "ಓ, ಅವ್ರಾ" ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೇಲಿ ಕೇಳಿ ಹೇಳ್ತೀವಿ ಅಂತಾರೆ. ಬೇಡ ಅನ್ನೋರು ಈಗ ಬೇಗ ಬೇಡ ಅಂತಾರೆ. ಬಸ್ಸು ಹೆಂಗೂ ಫ್ರೀ, ಭಾನುವಾರ ಉಳೀತು.

ಮತ್ತೀಕೆರೆ ರಿಟೈರ್ಡ್ ಮೇಷ್ಟ್ರು:

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಮನೆ ಖಾಲಿ ಇದೆ ಕಣಮ್ಮ, ಮೊದಲ ಮಹಡಿ. ಓನರಮ್ಮ ನರ್ಸ್ ಆಗಿದ್ದವರು. ನಿನ್ನ ವಿಷಯ ಪೂರ್ತಿ ಹೇಳಿದ್ದೀನಿ, ಫೋಟೋ ಕೇಳಲಿಲ್ಲ, ಸಂಬಳದ ಸ್ಲಿಪ್ ಕೇಳಿದರು. ಅದನ್ನ ಎಲ್ಲರ ಹತ್ತಿರವೂ ಕೇಳ್ತಾರೆ. ಸಿಡುಕು ಜಾಸ್ತಿ, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಡುತ್ತೆ, ಟ್ಯಾಂಕರ್ ದುಡ್ಡು ಯಾರು ಕೊಡೋದು ಅನ್ನೋದನ್ನ ಅಗ್ರಿಮೆಂಟಿನಲ್ಲಿ ಬರೆಸ್ಕೋ. ಹಿಂದಿನ ಬಾಡಿಗೆಯವರು ಅದಕ್ಕೇ ಬಿಟ್ಟಿದ್ದು.