ಆಯಿ ಹಾಡಿದ ಹಳೇ ಕ್ಯಾಸೆಟ್ ಎಳ್ಳ ಅಮವಾಸಿಯೊಳಗ ಕಂಪ್ಯೂಟರಿಗೆ ತರೂದು ಹ್ಯಾಂಗ? ಮಾಡಿದವರು ಹೇಳ್ರಿ

ಕೇಳಿದವರು, ಇಂಡಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮನಿ ಅಟ್ಟದ ಮ್ಯಾಲ ಒಂದು ಬೂಟಿನ ಡಬ್ಬಿ ತುಂಬ ಹಳೇ ಕ್ಯಾಸೆಟ್ ಸಿಕ್ಕಾವ. ನಮ್ಮ ಕಾಕಾ ಸೊಲ್ಲಾಪುರದಾಗ ನೌಕರಿಗೆ ಇದ್ದಾಗ ಟೇಪರಿಕಾರ್ಡರ್ ತಂದು, ಆಯಿ ಹಾಡಿದ ಬೀಸೂ ಪದ, ಸೋಬಾನ ಪದ ತುಂಬಿಸಿ ಇಟ್ಟಿದ್ರಂತ. ಆಯಿ ತೀರಿಕೊಂಡು ಭಾಳ ವರ್ಷ ಆತು. ಕ್ಯಾಸೆಟ್ ಮ್ಯಾಲಿನ ಚೀಟಿ ಅರ್ಧಕ್ಕರ್ಧ ಉದುರ್ಯಾವ. ಈ ಸಲ ಎಳ್ಳ ಅಮವಾಸಿಗೆ ಪುಣೆ, ಬೆಂಗಳೂರಿನವರು ಸುದ್ದಾ ಹೊಲಕ್ಕ ಬರಾಕತ್ತಾರ. ಚರಗದ ಎಡಿ ಚೆಲ್ಲಿ ಊಟ ಆದಮ್ಯಾಲ ಎಲ್ಲಾರಿಗೂ ಕೇಳಿಸಬೇಕಂತ ಆಸೆ. ಒಂದು ಸ್ಟುಡಿಯೋದಾಗ ಕ್ಯಾಸೆಟ್ಟಿಗೆ ಇಷ್ಟು ಅಂತ ರೇಟ್ ಹೇಳಿದ್ರು, ಕೇಳಿ ಸುಮ್ಮನ ಎದ್ದು ಬಂದೆ. ಲ್ಯಾಪ್‌ಟಾಪ್ ಅದ, ಕಂಪ್ಯೂಟರ್ ತಕ್ಕಮಟ್ಟಿಗೆ ಬರ್ತದ. ಟೇಪರಿಕಾರ್ಡರ್ ಇಲ್ಲ. ಮನ್ಯಾಗ ಕುಂತು ಮಾಡಾಕ ಬರ್ತದೇನು? ಡಬ್ಬಿಯೊಳಗ ಒಂದು ಮದುವಿ ವಿಡಿಯೋ ಕ್ಯಾಸೆಟ್ಟೂ ಅದ, ಅದಕ್ಕೇನು ಮಾಡ್ಲಿ?

ಬೆಳಗಾವಿ, ಶಹಾಪುರ

ಬರ್ತದ್ರಿ. ಹಳೇ ರೇಡಿಯೋ, ಟೇಪು ಬಿಚ್ಚಿ ಜೋಡಿಸೂದು ನಾನು ರಿಟೈರ್ ಆದಮ್ಯಾಲೆ ಹಚ್ಚಿಕೊಂಡ ಚಟ. ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲು ಟೇಪರಿಕಾರ್ಡರ್. ಆನ್‌ಲೈನ್‌ನ್ಯಾಗ ಅಗ್ಗಕ್ಕ ಸಿಗೂ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತಗೋಬ್ಯಾಡ್ರಿ. ಅದರ ಮೋಟಾರು ಒಂದೇ ವೇಗದಾಗ ತಿರುಗೂದಿಲ್ಲ, ನಿಮ್ಮ ಆಯಿ ದನಿ ಅಳ್ಳಾಡಿಬಿಡ್ತದ. ಬೀಗರ ಮನಿ, ತವರಮನಿ ಎಲ್ಲಾ ಕಡೆ ವಿಚಾರಿಸ್ರಿ. ಯಾರದರೆ ಅಟ್ಟದಾಗ ಹಳೇ ಪ್ಯಾನಸಾನಿಕ್ಕೋ ಫಿಲಿಪ್ಸೋ ಇದ್ದೇ ಇರ್ತದ. ಆನ್ ಆಗಿ ರೀಲು ತಿರುಗದಿದ್ರ ಬಹುತೇಕ ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂಗ ಅಂಟಿರ್ತದ. ಬೆಲ್ಟ್ ಹಾಕಿಸಿದ್ರ ಸಾಕು, ದೊಡ್ಡ ಖರ್ಚಲ್ಲ. ಆಮ್ಯಾಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಕಿವಿಗೆ ಹಾಕೂ ಹತ್ತಿ ಕಡ್ಡಿಯಿಂದ ಹೆಡ್, ಅಂದ್ರ ರೀಲು ತಾಗಿ ದನಿ ಓದೂ ಲೋಹದ ತುಂಡು, ಒರಸ್ರಿ. ಕಂದು ಬಣ್ಣ ಬರ್ತದ. ಅದು ಬರೂದು ನಿಲ್ಲೂ ತನಕ ಒರಸ್ರಿ.

ಕ್ಯಾಸೆಟ್ ಒಳಗ ಹಾಕೂ ಮುಂಚೆ ಬೆನ್ನಿನ ಎರಡೂ ತುದಿಗೆ ಇರೂ ಪ್ಲಾಸ್ಟಿಕ್ ಹಲ್ಲು ಮುರೀರಿ. ಅದು ಮುರಿದ್ರ ಕೈತಪ್ಪಿ ಒತ್ತಿದ್ರೂ ರೆಕಾರ್ಡ್ ಬಟನ್ ಕೆಲಸ ಮಾಡೂದಿಲ್ಲ. ರೀಲಿನ ಮ್ಯಾಲ ಬಿಳಿ ಬೂಷ್ಟು ಕಂಡ್ರ ಅದನ್ನ ಹಾಕಲೇಬ್ಯಾಡ್ರಿ, ಬೂಷ್ಟು ಹೆಡ್ಡಿಗೆ ಹತ್ತಿ ಉಳಿದ ಕ್ಯಾಸೆಟ್ಟಿಗೂ ದಾಟ್ತದ. ನಮ್ಮ ಬೆಳಗಾವಿ ಮಳಿ ಹವಾಕ್ಕ ಇದು ಭಾಳ, ನಿಮ್ಮ ವಿಜಯಪುರದ ಒಣ ಹವಾಕ್ಕ ಕಡಿಮಿ. ರೀಲಿನ ಹಿಂದ ಒಂದು ಸಣ್ಣ ಸ್ಪಂಜಿನ ತುಂಡು ಇರ್ತದ. ಅದು ಉದುರಿದ್ರ ದನಿ ಕಂಬಳಿ ಹೊತ್ತುಕೊಂಡು ಮಾತಾಡಿದಂಗ ಕೇಳ್ತದ. ಬ್ಯಾರೆ ಯಾವುದರೆ ಬ್ಯಾಡಾದ ಸಿನಿಮಾ ಹಾಡಿನ ಕ್ಯಾಸೆಟ್, ಸ್ಕ್ರೂ ಇರೂವಂಥದ್ದು, ಬಿಚ್ಚಿ ನಿಮ್ಮ ರೀಲು ಅದರೊಳಗ ಕೂಡಿಸ್ರಿ. ಹರಿದ ರೀಲಿಗೆ ಸೆಲ್ಲೋಟೇಪ್ ಹಚ್ಚಬ್ಯಾಡ್ರಿ, ಅದರ ಗೋಂದು ಹೊರಗ ಬಂದು ಪಕ್ಕದ ಸುತ್ತಿಗೆ ಅಂಟ್ತದ. ಸ್ಪ್ಲೈಸಿಂಗ್ ಟೇಪ್ ಅಂತ ಬ್ಯಾರೆನೇ ಸಿಗ್ತದ.

ಇನ್ನ ಜೋಡಣಿ. ಈಗಿನ ಲ್ಯಾಪ್‌ಟಾಪಿಗೆ ಒಂದೇ ತೂತು. ಸಾದಾ ವೈರ್ ಚುಚ್ಚಿದ್ರ ಅದು ಹೆಡ್‌ಫೋನ್ ಅಂತ ತಿಳ್ಕೋತದ, ಒಳಗ ಏನೂ ಹೋಗೂದಿಲ್ಲ. ಅದಕ್ಕ ಲೈನ್ ಇನ್ (ಹೊರಗಿನ ದನಿ ಒಳಗ ತಗೊಳ್ಳೂ ತೂತು) ಇರೂ ಯುಎಸ್‌ಬಿ ಸೌಂಡ್ ಕಾರ್ಡ್ ತಗೋರಿ. ಟೇಪಿನ ಹೆಡ್‌ಫೋನ್ ತೂತಿನಿಂದ ವೈರ್ ಅದಕ್ಕ ಕೊಡ್ರಿ. ಸಾಫ್ಟ್‌ವೇರ್ ಆಡಾಸಿಟಿ, ಪುಕ್ಕಟೆ. 44,100 ಹರ್ಟ್ಸ್, ಮೋನೋ ಇಡ್ರಿ. ಮನ್ಯಾಗ ತುಂಬಿದ್ದಕ್ಕ ಸ್ಟೀರಿಯೋ ಬೇಕಾಗೂದಿಲ್ಲ. ಮೀಟರ್ ಕೆಂಪಿಗೆ ಮುಟ್ಟಬಾರದು, ಮೈನಸ್ 6 ಡೆಸಿಬೆಲ್ಲಿನ ಆಸುಪಾಸು ಆಡ್ತಿರಲಿ. ಗುಂಯ್ ಅಂದ್ರ ಲ್ಯಾಪ್‌ಟಾಪಿನ ಚಾರ್ಜರ್ ಕೀಳ್ರಿ, ಬಹಳ ಸಲ ಅಲ್ಲಿಗೇ ನಿಲ್ತದ. ದನಿ ಹಿಂಡದೇ ಇಡೂ ವೇವ್ ಫೈಲ್ ಮಾಡಿದ್ರ ನಿಮಿಷಕ್ಕ ಸುಮಾರು 5 ಎಂಬಿ, ಅಂದ್ರ 60 ನಿಮಿಷದ ಒಂದು ಕ್ಯಾಸೆಟ್ಟಿಗೆ 300 ಎಂಬಿ ಮ್ಯಾಲ. ಇದಕ್ಕ ಅವಸರದ ದಾರಿ ಇಲ್ಲ. ತಾಸಿನ ಕ್ಯಾಸೆಟ್ ತಾಸೇ ತಗೋತದ.

ಒಂದು ಮಜಾ ಹೇಳ್ತೀನಿ. ಹಳ್ಳ್ಯಾಗ ಶೆಲ್ ಹಾಕಿ ತುಂಬಿದ ಕ್ಯಾಸೆಟ್ಟಿನ್ಯಾಗ ಕಡೀಕ ಕಡೀಕ ಹಾಡವ್ರ ದನಿ ಸಣ್ಣ ಹುಡುಗಿ ದನಿ ಆಗಿಬಿಡ್ತದ. ಶೆಲ್ ಇಳಿದಂಗ ಟೇಪು ನಿಧಾನ ಓಡಿರ್ತದ, ಈಗ ಸರಿಯಾದ ವೇಗದಾಗ ಹಾಕಿದ್ರ ದನಿ ಏರ್ತದ. ಇದನ್ನ ಆಡಾಸಿಟಿಯೊಳಗ ವೇಗ ಇಳಿಸಿ ಕಿವಿಯಿಂದ ಹೊಂದಿಸಬೇಕು. ಕರೆಂಟಿನ ಮ್ಯಾಲ ತುಂಬಿದ್ದಾದ್ರ ಇನ್ನೂ ಛಲೋ ಉಪಾಯ ಅದ. ನಮ್ಮ ಕರೆಂಟ್ 50 ಹರ್ಟ್ಸ್ ಅಲ್ರಿ, ಅದರ ಗುಂಯ್ ಸಣ್ಣಗ ಕ್ಯಾಸೆಟ್ಟಿನ್ಯಾಗೂ ಕುಂತಿರ್ತದ. ಟೇಪು, ಲ್ಯಾಪ್‌ಟಾಪು ಎರಡೂ ಶೆಲ್ಲು-ಬ್ಯಾಟರಿ ಮ್ಯಾಲೆ ಓಡಿಸಿ, ಈಗಿನ ಕರೆಂಟಿನ ಗುಂಯ್ ಕೂಡದಂಗ, ರೆಕಾರ್ಡ್ ಮಾಡ್ರಿ, ಅನಾಲೈಜ್ ಮೆನುವಿನ್ಯಾಗ ಪ್ಲಾಟ್ ಸ್ಪೆಕ್ಟ್ರಮ್ (ಯಾವ ಹರ್ಟ್ಸಿನ ಸದ್ದು ಎಷ್ಟದ ಅಂತ ತೋರಿಸೂ ನಕ್ಷೆ) ತಗೀರಿ, ಸೈಜು 65536 ಇಡ್ರಿ. ನಕ್ಷೆಯ ಗೂಟ 50ರ ಬದಲು 53ಕ್ಕ ಕಂಡ್ರ ದನಿ ಸುಮಾರು 6 ಪರ್ಸೆಂಟ್ ಜೋರು ಓಡಾಕತ್ತೈತಿ ಅಂತ ಲೆಕ್ಕ, ಅಷ್ಟು ಇಳಸ್ರಿ.

ಅಥಣಿ

ಸರ, ಇಷ್ಟೆಲ್ಲಾ ಯಾಕ್ರಿ? ಟೇಪ್ ಹಚ್ಚಿ ಮುಂದ ಮೊಬೈಲ್ ಇಟ್ಟು ರೆಕಾರ್ಡ್ ಒತ್ತಿದ್ರ ಆತು. ನಾವು ನಮ್ಮ ಮಾಮಾನ ಭಜನಿ ಪದ ಹಂಗೇ ಮಾಡೀವಿ. ಕೇಳಾಕ ಅಡ್ಡಿ ಇಲ್ಲ.

ಬೆಳಗಾವಿ, ಶಹಾಪುರ

ಕೇಳಾಕ ಅಡ್ಡಿ ಇಲ್ಲ, ಖರೆ. ಆದ್ರ ನಿಮ್ಮ ಮನಿ ಫ್ಯಾನು, ಕುಕ್ಕರ್ ಸೀಟಿ ಎಲ್ಲಾ ಮಾಮಾನ ಜೊತಿ ಭಜನಿಗೆ ಕುಂತಿರ್ತಾವ. ರೀಲು ಇನ್ನೆಷ್ಟು ಸಲ ಓಡ್ತದೋ ಗೊತ್ತಿಲ್ಲ. ಓಡಿದಾಗ ಒಮ್ಮೆ ವೈರ್ ಹಾಕಿ ತಗೊಂಡುಬಿಡೂದು ಛಲೋ.

ರಬಕವಿ-ಬನಹಟ್ಟಿ

ಶಹಾಪುರದ ಸರ್ ಹೇಳಿದ್ದು ಬರೋಬ್ಬರಿ. ನಾನು ಒಂದೇ ಮಾತು ಸೇರಿಸ್ತೀನಿ. ಆಡಾಸಿಟಿಯೊಳಗ ನಾಯ್ಸ್ ರಿಡಕ್ಷನ್ ಅಂತ ಅದ. ಹಾಡು ಶುರು ಆಗೂ ಮುಂಚಿನ ಬರೇ ಸರ್ ಅನ್ನೂ ಸದ್ದು ತೋರಿಸಿದ್ರ ಅದನ್ನ ಹುಡುಕಿ ತಗೀತದ. ಹೊಸಬರಿಗೆ ಅದರ ಮ್ಯಾಲ ಭಾಳ ಪ್ರೀತಿ. 6 ಡೆಸಿಬೆಲ್ಲಿನಿಂದ ಶುರು ಮಾಡ್ರಿ, 12 ದಾಟಬ್ಯಾಡ್ರಿ. ಹೆಚ್ಚಾದ್ರ ನೀರೊಳಗ ಮುಳುಗಿ ಹಾಡಿದಂಗ ಆಗ್ತದ.

ಇನ್ನೊಂದು ವಿಚಾರ ಮಾಡ್ರಿ: ಯಾವುದು ಗದ್ದಲ, ಯಾವುದು ಅಲ್ಲ? ನಮ್ಮವ್ವನ ಕ್ಯಾಸೆಟ್ಟಿನ್ಯಾಗ ಹಾಡಿನ ಹಿಂದ ಪೂರ್ತಿ ಮಗ್ಗದ ಸದ್ದು. ನಮ್ಮ ಓಣ್ಯಾಗ ಪವರ್‌ಲೂಮ್ ನಿಂತದ್ದು ಅಂದ್ರ ಕರೆಂಟ್ ಹೋದಾಗ ಅಷ್ಟ. ಹಾಡಿನ ನಡುವ ಒಂದು ಕಡೆ ಮಗ್ಗ ಟಕ್ಕಂತ ನಿಲ್ತದ, ಅವ್ವ ಹಾಡೂದು ಬಿಟ್ಟು "ಹೋತು ನೋಡ" ಅಂತಾಳ, ಅಪ್ಪ ಎದ್ದು ಹೊರಗ ಹೋಗೂ ಚಪ್ಪಲಿ ಸದ್ದು ಕೇಳ್ತದ. ಮುಂಬೈದಾಗ ಇರೂ ನನ್ನ ತಮ್ಮ ಆ ಫೈಲ್ ತರಿಸಿಕೊಂಡದ್ದೇ ಆ ತುಂಡಿನ ಸಲುವಾಗಿ. ಸದ್ದು ಕಳೀರಿ, ಆದ್ರ ಕಳದದ್ದನ್ನ ಬ್ಯಾರೆ ಹೆಸರಿಲೆ ಇಡ್ರಿ, ಮೂಲ ಹಂಗೇ ಇರಲಿ. ತುಂಡು ತುಂಡು ಹಾಡು ಕತ್ತರಿಸಿ ನಡುವಿನ ಮಾತು ಬಿಸಾಕಬ್ಯಾಡ್ರಿ.

ಬಾಗಲಕೋಟಿ, ನವನಗರ

ಮಷೀನಿನ ಮಾತು ಮೇಲಿನವರು ಹೇಳ್ಯಾರ, ನಾನು ಮಂದಿ ಮಾತು ಹೇಳ್ತೀನಿ. ಹೊಲದಾಗ ಎಲ್ಲಾರ ಮುಂದ ಹಚ್ಚೂ ಮುಂಚೆ ನೀವೊಬ್ರೇ ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳ್ರಿ. ನಮ್ಮ ಒಂದು ಕ್ಯಾಸೆಟ್ಟಿನ್ಯಾಗ ಎರಡು ಸೋಬಾನ ಪದದ ನಡುವ ಇಬ್ರು ಅತ್ತೆರು ಯಾರ ಕೊರಳಾಗ ಎಷ್ಟು ತೊಲಿ ಬಂತು, ಯಾರು ಕೊಡ್ತೀನಂದು ಕೊಡಲಿಲ್ಲ ಅಂತ ಪಿಸಿಪಿಸಿ ಮಾತಾಡ್ಯಾರ. ಆ "ಕೊಡಲಿಲ್ಲ"ದವರ ಮಕ್ಕಳು ಈಗ ನಮ್ಮ ಜೊತಿಗೇ ಊಟಕ್ಕ ಕೂಡವರು.

ತೀರಿಕೊಂಡವರ ದನಿ ಅಂದ್ರ ಸಣ್ಣ ಮಾತಲ್ರೀ. ನಿಮ್ಮ ತಂದೆಯವರೋ ಅತ್ತೆರೋ, ಆಯಿಗೆ ಯಾರು ಸಮೀಪ ಇದ್ರೋ ಅವರಿಗೆ ಮನ್ಯಾಗ ಮೊದಲು ಕೇಳಸ್ರಿ. ಮಂದಿ ನಡುವ ಒಮ್ಮಿಂದೊಮ್ಮೆಲೆ ಬ್ಯಾಡ.

ಹಂಗ ಕೂಡಿಸಿದಾಗ ಕೈಯಾಗ ಒಂದು ವಹಿ ಇರಲಿ. ನನಗ ಕೇಳಿದ್ರ ಇದೇ ಖರೇ ಕೆಲಸ. ದನಿ ಫೈಲ್ ಆಗೂದು ಯಂತ್ರದ ಕೆಲಸ, ಯಾವಾಗರೆ ಆದೀತು. ಆದ್ರ ಮುಂದ ಹಾಡವರು ಯಾರು, ಹಿಂದ ದನಿಗೂಡಿಸವರು ಯಾರು, ಹಾಡಿನ್ಯಾಗ ಬರೂ "ಬಾಲಯ್ಯ" ಯಾವ ಕೂಸು, ಇದು ಯಾರ ಮದುವಿ, ಹೇಳೂ ಮಂದಿ ಎಪ್ಪತ್ತು ಎಂಬತ್ತು ದಾಟ್ಯಾರ. ನಮ್ಮ ಮನಿ ಹಳೇ ಬಾಗಲಕೋಟ್ಯಾಗ ಇತ್ತು, ಆ ಓಣಿ ಆಲಮಟ್ಟಿ ಹಿನ್ನೀರಿಗೆ ಹೋತು. ಕ್ಯಾಸೆಟ್ಟಿನ್ಯಾಗ ಯಾರೋ ಬಾಗಿಲಿಂದ "ಸಕ್ಕರಿ ಅದಾವೇನ್ರೀ" ಅಂತ ಕೇಳ್ತಾರ. ನನಗ ಯಾರಂತ ತಿಳೀಲಿಲ್ಲ. ನಮ್ಮ ದೊಡ್ಡವ್ವ ಕೇಳಿದ್ದೇ ತಡ, ಎದುರು ಮನಿಯಾಕಿ ಹೆಸರು, ಆಕಿ ತವರೂರು, ಆಕಿ ಮಗ್ಗಲ ಮನಿ, ಅದರ ಮಗ್ಗಲ ಮನಿ, ಸಾಲಿಗೆ ಹೇಳಕೋತ ಹೊಂಟ್ಲು. ನಾನು ಬರಕೋತ ಹೊಂಟೆ.

ಬರೇ ಹಾಡಿದಾಕಿ ಹೆಸರಲ್ಲ, ಊರು, ವರ್ಷ, ಸಂದರ್ಭ ಎಲ್ಲಾ ಬರೀರಿ. ಮಹಾರಾಷ್ಟ್ರದಾಗ ಹೇಮಾ ರಾಯರ್‌ಕರ್, ಗೀ ಪ್ವಾತ್ವಾಂ ಅನ್ನವರು ಒಂದು ಲಕ್ಷಕ್ಕ ಮಿಕ್ಕಿ ಬೀಸೂ ಪದ ಕೂಡಿಸಿದರು. ಈಗ ಅವು ಪರಿ (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ಅನ್ನೂ ಜಾಲತಾಣದಾಗ ಬರಾಕತ್ಯಾವ. ಪದದ ಕೆಳಗ ಹಾಡಿದಾಕಿ ಹೆಸರು, ಊರು, ತಾಲ್ಲೂಕು, ದಿನಾಂಕ ಎಲ್ಲಾ ಇರ್ತದ, ಒಮ್ಮೆ ನೋಡ್ರಿ. ನಿಮ್ಮ ಕಡೆ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಟೇಪೇ ಇಲ್ಲದ ಕಾಲದಾಗ ಹೆಣ್ಣಮಕ್ಕಳ ಬಾಯಿಂದ ಕೇಳಿ ಬರಕೊಂಡವರು. ನಮಗ ದನಿನೂ ಸಿಕ್ಕದ, ವಹಿ ಹಿಡಿಯೂದಷ್ಟೇ ಬಾಕಿ.

ವಿಜಯಪುರ, ಇಂಜಿನಿಯರಿಂಗ್ ವಿದ್ಯಾರ್ಥಿ

ಅಕ್ಕಾರ, ವಹಿ ಯಾಕೆ, ಈಗ ದನಿಯಿಂದ ಅಕ್ಷರ ಮಾಡೋ ಸಾಫ್ಟ್‌ವೇರ್ ಇದಾವಲ್ಲ ಅಂತ ಬರೆಯೋಕೆ ಬಂದಿದ್ದೆ. ಬರೆಯೋ ಮುಂಚೆ ನಮ್ಮಜ್ಜಿ ಹಾಡನ್ನು ವಿಸ್ಪರ್‌ಗೆ ಕೊಟ್ಟು ನೋಡಿದೆ. 2022ರಲ್ಲಿ ಓಪನ್ ಎಐ ಬಿಟ್ಟದ್ದು, ಲ್ಯಾಪ್‌ಟಾಪಿನಲ್ಲೇ ಇಂಟರ್ನೆಟ್ ಇಲ್ಲದೆ ಓಡುತ್ತೆ, ಕನ್ನಡ ಗೊತ್ತು ಅನ್ನುತ್ತೆ. ಸುದ್ದಿ ವಾಚನ ಕೊಟ್ಟರೆ ಅಷ್ಟಿಷ್ಟು ಬರೆಯುತ್ತೆ. ಬೀಸೋ ಪದ ಕೊಟ್ಟರೆ ಒಂದು ಸಾಲನ್ನೇ ಹತ್ತು ಸಲ ಬರೆದು ಸುಮ್ಮನಾಯಿತು. ಕಲ್ಲಿನ ಸದ್ದು, ಎಳೆದು ಹಾಡೋ ರಾಗ, ನಮ್ಮ ಕಡೆ ಮಾತು, ಮೂರೂ ಸೇರಿದರೆ ಅದಕ್ಕೆ ದಿಕ್ಕು ತೋಚಲ್ಲ. ಹಾಡಿಗೆ ವಹಿನೇ ಸರಿ. ದೊಡ್ಡವ್ವ ಮಾತಾಡಿದ್ದನ್ನ ಬೇಕಾದರೆ ಮೊಬೈಲಿನಲ್ಲಿ ತುಂಬಿಕೊಂಡು ಆಮೇಲೆ ಬರೆದುಕೊಳ್ಳಿ.

ಕೇಳಿದವರು, ಇಂಡಿ ತಾಲ್ಲೂಕು

ಎಲ್ಲಾರಿಗೂ ಶರಣ್ರಿ. ನಮ್ಮ ಸಣ್ಣತ್ತಿಯವರ ಕಡೆ ಟೇಪು ಸಿಕ್ತು, ಬೆಲ್ಟ್ ಹಾಕಸಾಕ ಕೊಟ್ಟೀನಿ. ಅವರಿಗೆ ಸುದ್ದಾ ಆಯಿ ಪದ ಭಾಳ ಬರ್ತಾವಂತ. ಮಂದಿ ಮುಂದ ಹಾಡು ಅಂದ್ರ "ನನಗೇನ್ ಬರ್ತದ ಯಪ್ಪಾ" ಅಂತ ಎದ್ದು ಹೋಗ್ತಾರ. ಹೊಲದಾಗ ಅವರನ್ನ ರೆಕಾರ್ಡ್ ಮಾಡೂದು ಹ್ಯಾಂಗ?

ಜಮಖಂಡಿ

ಹಾಡು ಅನ್ನಬ್ಯಾಡ್ರಿ. ಕೈಗೆ ಕೆಲಸ ಕೊಡ್ರಿ. ಒಂದು ಮೊರ ತುಂಬ ಶೇಂಗಾ ಮುಂದಿಟ್ಟು ಸುಲೀಲಿಕ್ಕೆ ಕೂಡಸ್ರಿ, ಜೊತಿಗೆ ಅವರ ವಾರಿಗಿಯವರು ಇನ್ನೊಬ್ರು ಇರಲಿ. ಆಯಿ ಕ್ಯಾಸೆಟ್ ಸಣ್ಣ ದನೀಲೆ ಹಚ್ಚಿ, ಬೇಕಂತಲೇ ನಡುವ ನಿಲ್ಲಸ್ರಿ. ಮುಂದಿನ ನುಡಿ ತಾನೇ ಬಾಯಿಗೆ ಬರ್ತದ. ಹುಡುಗರನ್ನ ದೂರ ಇಡ್ರಿ. ಮೊಬೈಲ್ ಎತ್ತಿ ಮುಖದ ಮುಂದ ಹಿಡಿದ್ರ ಕೆಲಸ ಕೆಡ್ತದ.

ಊಟದ ಹೊತ್ತಿನ್ಯಾಗ ಆಗೂದಿಲ್ಲ, ಬಿಡ್ರಿ. ಸಜ್ಜಿ ಕಡಬು, ಪುಂಡಿಪಲ್ಯ ಅಂತ ಎಲ್ಲಾರೂ ಒಮ್ಮೆಲೆ ಮಾತಾಡ್ತಾರ. ಆ ದಿನಮಾನದಾಗ ಬಿಳಿಜ್ವಾಳದ ಹೊಲದಾಗ ಗಾಳಿನೂ ಇರ್ತದ, ಗಾಳಿ ಮೈಕಿಗೆ ಬಡದ್ರ ಬರೇ ಬುರ್ ಬುರ್. ಕೊರಳಪಟ್ಟಿಗೆ ಸಿಗಿಸೂ ಮೈಕಿಗೆ ಸ್ಪಂಜಿನ ಟೊಪ್ಪಿಗಿ ಹಾಕ್ರಿ, ಸೀರಿ ಸೆರಗು ತಿಕ್ಕದಂಗ ನೋಡ್ರಿ. ಮೊಬೈಲ್ ಏರೋಪ್ಲೇನ್ ಮೋಡಿಗೆ ಹಾಕ್ರಿ, ಇಲ್ಲಾಂದ್ರ ಕರೆಕ್ಟ್ ಹಾಡಿನ ನಡುವ ಯಾವುದೋ ಲೋನ್ ಕಾಲ್ ಬರ್ತದ. ಆದ್ರ ಚರಗ ಚೆಲ್ಲೂ ಮುಂದ "ಹುಲ್ಲುಲ್ಲಿಗೋ" ಅಂತ ಕೂಗೂದನ್ನ ಮಾತ್ರ ಗಾಳಿ ಸಮೇತ ತುಂಬಿಕೊಳ್ರಿ.

ಬೆಳಗಾವಿ, ಶಹಾಪುರ

ವಿಡಿಯೋ ಕ್ಯಾಸೆಟ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನ ಮಾತ್ರ ಸ್ಟುಡಿಯೋಕ್ಕ ಕೊಡ್ರಿ. ಒಂದು ಮದುವಿ ಸಲುವಾಗಿ ಪ್ಲೇಯರ್ ಹುಡುಕೂದು ಪರವಡಸೂದಿಲ್ಲ, ಕೆಟ್ಟ ಪ್ಲೇಯರ್ ಸಿಕ್ರ ರೀಲೇ ತಿಂದುಬಿಡ್ತದ. ಕೊಡೂ ಮುಂಚೆ ಬಾಯಿಬಿಟ್ಟು ಹೇಳ್ರಿ: ಚಿತ್ರದ ಅಳತಿ 720 ಬೈ 576, ಸೆಕೆಂಡಿಗೆ 25 ಫ್ರೇಮ್, ಇದ್ದದ್ದು ಇದ್ದಂಗ ಬೇಕು, ಹೊಸಾ ಸಿನಿಮಾ ಹಾಡು ಸೇರಿಸಬಾರದು, ಹೂವು ಹಾರಿಸಬಾರದು. ಹೇಳದಿದ್ರ ಪ್ರೀತಿಲೇ ಸೇರಿಸಿ ಕೊಡ್ತಾರ.

ಮುದ್ದೇಬಿಹಾಳ

ಫೈಲ್ ಆದಮ್ಯಾಲಿನ ಮಾತು ನನ್ನದು. ವೇವ್ ಫೈಲ್ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಒಂದು ಬ್ಯಾರೆ ಊರಿನ ಮನಿಯಾಗ ಇಡ್ರಿ. ಪುಣೆಯವರು ಹೆಂಗೂ ಬರ್ತಾರಲ್ಲ, ಕೊಟ್ಟು ಕಳಸ್ರಿ. ಗೂಗಲ್ ಡ್ರೈವ್‌ನ್ಯಾಗ ಪುಕ್ಕಟೆ 15 ಜಿಬಿ, ಅಲ್ಲೂ ಒಂದು. ಹಳೇ ಫೋಟೋ ಇದ್ರ ವಾಟ್ಸಾಪಿನ್ಯಾಗ ಫೋಟೋ ಅಂತ ಕಳಸಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಸ್ರಿ. ಇಲ್ಲಾಂದ್ರ ಅದು ಹಿಂಡಿ ಸಣ್ಣದು ಮಾಡ್ತದ.

ಆದ್ರ ನಮ್ಮ ಮುತ್ಯಾ, ಆಯಿ ಲಿಂಕ್ ಒತ್ತಿ ಕೇಳೂದಿಲ್ರಿ. ಅವರು ಕೇಳೂದು ಪೆನ್‌ಡ್ರೈವಿನ್ಯಾಗ, ಟ್ರ್ಯಾಕ್ಟರಿನ ಟೇಪಿನ್ಯಾಗ. ಅದಕ್ಕ ಬ್ಯಾರೆ ಎಂಪಿತ್ರೀ ಮಾಡ್ರಿ, 128 ಕೆಬಿಪಿಎಸ್ ಸಾಕು. ಪೆನ್‌ಡ್ರೈವ್ ಫ್ಯಾಟ್ 32ಕ್ಕ ಫಾರ್ಮ್ಯಾಟ್ ಮಾಡ್ರಿ, ದೊಡ್ಡ ಸೈಜಿಂದು ಬ್ಯಾಡ. ಫೈಲಿನ ಹೆಸರು ಕನ್ನಡದಾಗ ಇಟ್ರ ಟ್ರ್ಯಾಕ್ಟರಿನ ಡಬ್ಬಿಯೊಳಗ ಬರೇ ಚೌಕ ಚೌಕ ಕಾಣ್ತಾವ. ಶುರೂಕ 01, 02 ಅಂತ ಅಂಕಿ ಹಾಕ್ರಿ, ವಹಿಯೊಳಗೂ ಅದೇ ಅಂಕಿ ಬರೀರಿ. ಅಮವಾಸಿಗೆ ಹೊಲಕ್ಕ ಹೊಂಟಾಗ ಬಂಡಿ ಹೂಡವರು ಈಗ ಕಡಿಮಿ, ಎಲ್ಲಾರೂ ಟ್ರೇಲರಿನ್ಯಾಗೇ ಬರವರು. ಒಂದು ಪೆನ್‌ಡ್ರೈವ್ ಹಿಂದಿನ ದಿನ ರಾತ್ರಿನೇ ಹಾಕಿ ನೋಡಿರ್ರಿ, ಬೆಳಿಗ್ಗೆ ಆ ಗಡಿಬಿಡಿಯೊಳಗ ಹಾಡು ಬರಲಿಲ್ಲಂದ್ರ ಡ್ರೈವರ್ ತನ್ನ ಡಿಜೆ ಹಚ್ಚಿಬಿಡ್ತಾನ.